ಮೊಸಳೆಗೆ ಒಂದು ಹಗಲು

ಬೆಂಗಳೂರಿನಿಂದ ಬೆಳಗ್ಗೆ ಹೊರಟು ರಾತ್ರಿಯೊಳಗೆ ಮನೆ ಸೇರುವ ಪ್ರವಾಸಕ್ಕೆ ಹಾಸನ ಜಿಲ್ಲೆಯನ್ನು ಆರಿಸಿಕೊಳ್ಳುವವರಲ್ಲಿ ಹೆಚ್ಚಿನವರು ಶ್ರವಣಬೆಳಗೊಳ, ಬೇಲೂರು, ಹಳೇಬೀಡುಗಳನ್ನು ಒಂದೇ ದಿನದ ದಾರಕ್ಕೆ ಪೋಣಿಸಿಕೊಳ್ಳುತ್ತಾರೆ. ರಾಜ್ಯ ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ಬಸ್ಸುಗಳು ಬಹುಕಾಲದಿಂದ ಈ ಮೂರನ್ನೂ ಒಂದೇ ಹಗಲಿನಲ್ಲಿ ತೋರಿಸುತ್ತ ಬಂದಿರುವುದರಿಂದಲೂ, 2023ರ ಸೆಪ್ಟೆಂಬರ್‌ನಲ್ಲಿ ಬೇಲೂರು, ಹಳೇಬೀಡು ಮತ್ತು ಸೋಮನಾಥಪುರದ ಹೊಯ್ಸಳ ದೇವಾಲಯಗಳು ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದರಿಂದಲೂ ಈ ಸುತ್ತಿಗೆ ಒಂದು ಬಗೆಯ ಅಧಿಕೃತತೆ ಬಂದಿದೆ. ಆದರೆ ಸುತ್ತಿನ ಲೆಕ್ಕವನ್ನು ಕಾಗದದ ಮೇಲೆ ಹಾಕಿ ನೋಡಿದರೆ ಅದು ಬೇರೆಯೇ ಚಿತ್ರವನ್ನು ಕೊಡುತ್ತದೆ. ಬೆಂಗಳೂರಿನಿಂದ ಶ್ರವಣಬೆಳಗೊಳಕ್ಕೆ ಸುಮಾರು 145 ಕಿಲೋಮೀಟರ್, ಅಲ್ಲಿಂದ ಹಾಸನಕ್ಕೆ 50, ಹಾಸನದಿಂದ ಬೇಲೂರಿಗೆ 40, ಬೇಲೂರಿನಿಂದ ಹಳೇಬೀಡಿಗೆ 16, ಮತ್ತೆ ಹಾಸನಕ್ಕೆ 30, ಕೊನೆಗೆ ಬೆಂಗಳೂರಿಗೆ 185 ಎಂದು ಕೂಡಿದರೆ ಮೊತ್ತ 460 ದಾಟುತ್ತದೆ. ನಗರದಿಂದ ಹೊರಬೀಳುವ ಮತ್ತು ಒಳಸೇರುವ ಹೊತ್ತನ್ನೂ ಸೇರಿಸಿ ಗಂಟೆಗೆ ಸರಾಸರಿ 50 ಕಿಲೋಮೀಟರ್ ಎಂದು ಹಿಡಿದರೂ ಗಾಡಿಯಲ್ಲಿ ಕಳೆಯುವ ಹೊತ್ತೇ 9 ಗಂಟೆಗೆ ಮೀರುತ್ತದೆ. ಹದಿನೈದು ಗಂಟೆಗಳ ದಿನವೊಂದರಲ್ಲಿ ಉಳಿಯುವ ಆರು ಗಂಟೆಗಳಿಂದ ವಿಂಧ್ಯಗಿರಿಯ ಸುಮಾರು 650 ಮೆಟ್ಟಿಲುಗಳಿಗೆ ಎರಡು ಗಂಟೆ, ಊಟ ತಿಂಡಿಗೆ ಒಂದೂವರೆ ಗಂಟೆ ಕಳೆದರೆ, ಕನ್ನಡ ನಾಡಿನಲ್ಲೇ ಅತ್ಯಂತ ಗಿಜಿಗುಟ್ಟುವ ಶಿಲ್ಪಭಿತ್ತಿಗಳನ್ನುಳ್ಳ ಎರಡು ದೇವಾಲಯಗಳಿಗೆ ಸಿಗುವುದು ಎಲ್ಲ ಸೇರಿ ಎರಡೂವರೆ ಗಂಟೆ.

ಸ್ವಂತ ಗಾಡಿಯಿಲ್ಲದವರಿಗೆ, ಮೊದಲ ಸಲ ಬರುವವರಿಗೆ, ವಯಸ್ಸಾದವರನ್ನು ಕರೆದುಕೊಂಡು ಬರುವವರಿಗೆ ಇಂಥ ಸುತ್ತಿನಿಂದ ಉಪಯೋಗವಿಲ್ಲವೆಂದು ಹೇಳಲಾಗದು. ದೋಷವಿರುವುದು ಯೋಜನೆ ಹಾಕುವ ಕ್ರಮದಲ್ಲಿ. ಮೊದಲು ನೋಡಬೇಕಾದ ಸ್ಥಳಗಳ ಪಟ್ಟಿ ಮಾಡಿ ಆಮೇಲೆ ಅವುಗಳ ನಡುವೆ ಹೊತ್ತನ್ನು ಹಂಚುವ ಬದಲು, ಮೊದಲು ಹೊತ್ತನ್ನು ಎಣಿಸಿ ಆಮೇಲೆ ಅದರೊಳಗೆ ಎಷ್ಟು ಹಿಡಿಸುತ್ತದೆ ಎಂದು ನೋಡುವುದು ವಿವೇಕದ ದಾರಿ. ರಸ್ತೆಯಲ್ಲಿ ಕಳೆದಷ್ಟು ಹೊತ್ತನ್ನಾದರೂ ನೆಲದ ಮೇಲೆ ಕಳೆಯಬೇಕು ಎಂಬ ಒಂದೇ ನಿಬಂಧನೆಯನ್ನು ಇಟ್ಟುಕೊಂಡರೂ ಸಾಕು, ಪಟ್ಟಿ ತಾನಾಗಿ ಒಂದೆರಡು ಹೆಸರುಗಳಿಗೆ ಇಳಿಯುತ್ತದೆ. ಹಾಗೆ ಇಳಿದಾಗ ಆಯ್ಕೆಗೆ ಬರಬಹುದಾದ ಊರುಗಳಲ್ಲಿ ಹಾಸನದಿಂದ ದಕ್ಷಿಣಕ್ಕೆ, ಹೊಳೆನರಸೀಪುರದ ದಿಕ್ಕಿನಲ್ಲಿ ಸುಮಾರು 10 ಕಿಲೋಮೀಟರ್ ದೂರದಲ್ಲಿರುವ ಮೊಸಳೆ ಒಂದು ಒಳ್ಳೆಯ ಮಾದರಿ.

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಎಂಬ ನಾಲ್ಕು ತಾಲ್ಲೂಕುಗಳು ಒಂದಕ್ಕೊಂದು ತಾಗಿಕೊಂಡಿರುವ ಈ ಸೀಮೆಯಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಸರಿದಂತೆ ಮಳೆ ಕಡಿಮೆಯಾಗುತ್ತ ಹೋಗಿ, ಅರಕಲಗೂಡಿನ ಪಶ್ಚಿಮ ಭಾಗದ ಅರೆಮಲೆನಾಡು ಚನ್ನರಾಯಪಟ್ಟಣದ ಹೊತ್ತಿಗೆ ತೆಂಗು, ರಾಗಿಯ ಬಯಲುಸೀಮೆಯಾಗಿ ಮಾರ್ಪಡುತ್ತದೆ. ಈ ಸೀಮೆಯನ್ನು ತಾಳ್ಮೆಯಿಂದ ಸುತ್ತಿದವರಲ್ಲಿ ಶಾಸನ ಸಂಗ್ರಾಹಕರು ಮೊದಲಿಗರು. ಬಿ.ಎಲ್. ರೈಸ್ ಸಂಪಾದಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ ಮಾಲೆಯ ಐದನೆಯ ಸಂಪುಟ 1902ರಲ್ಲಿ ಹಾಸನ ಜಿಲ್ಲೆಯ ಶಾಸನಗಳನ್ನು ತಾಲ್ಲೂಕುವಾರು ವಿಂಗಡಿಸಿ, ಪ್ರತಿಯೊಂದಕ್ಕೂ ತಾಲ್ಲೂಕಿನ ಹೆಸರಿನಡಿಯಲ್ಲಿ ಕ್ರಮಸಂಖ್ಯೆ ಕೊಟ್ಟು ಪ್ರಕಟಿಸಿತು. ಇದು ಪ್ರವಾಸಿ ಕೈಪಿಡಿಯಲ್ಲವಾದರೂ ಅದರ ವಿಂಗಡಣೆಯ ತತ್ತ್ವವನ್ನು ಪ್ರವಾಸಿಗರು ಎರವಲು ಪಡೆಯಬಹುದು: ಒಂದು ದಿನಕ್ಕೆ ಒಂದು ತಾಲ್ಲೂಕಿನಷ್ಟು ಹರವು, ಅದಕ್ಕಿಂತ ಹೆಚ್ಚು ಬೇಡ. ತಾಲ್ಲೂಕು ಕೇಂದ್ರದಿಂದ ಅದರ ಗಡಿಯ ಹಳ್ಳಿಗೆ ಹೋಗಿ ಸಂತೆ, ಕಚೇರಿ ಮುಗಿಸಿ ಕತ್ತಲಾಗುವುದರೊಳಗೆ ಹಿಂದಿರುಗುವಷ್ಟು ಅಂತರವನ್ನು ಆಡಳಿತದ ಅನುಭವವೇ ರೂಢಿಸಿದ್ದು, ಮೋಟಾರು ಬಂದ ಮೇಲೆಯೂ ಮನುಷ್ಯನ ಕಣ್ಣು ಕಾಲುಗಳ ಶಕ್ತಿಗೆ ಅದೇ ಅಳತೆ ಹೊಂದುತ್ತದೆ.

ಮೊಸಳೆಯ ಹಿರಿಮೆ ಅದರ ಜೋಡಿ ದೇವಾಲಯಗಳಲ್ಲಿದೆ. ನಾಗೇಶ್ವರ ಮತ್ತು ಚೆನ್ನಕೇಶವ ಎಂಬ ಈ ಎರಡು ಗುಡಿಗಳು ಕೆಲವೇ ಹೆಜ್ಜೆಗಳ ಅಂತರದಲ್ಲಿ ಅಕ್ಕಪಕ್ಕ ನಿಂತು, ಎರಡೂ ಪೂರ್ವಕ್ಕೆ ಮುಖ ಮಾಡಿವೆ. ಶೈಲಿ ಮತ್ತು ಕೆತ್ತನೆಗಳ ಆಧಾರದ ಮೇಲೆ ವಿದ್ವಾಂಸರು ಇವನ್ನು ಸುಮಾರು ಕ್ರಿ.ಶ. 1200ರ ಆಸುಪಾಸಿಗೆ, ಎಂದರೆ ಇಮ್ಮಡಿ ವೀರಬಲ್ಲಾಳನ ಆಳ್ವಿಕೆಯ ಕಾಲಕ್ಕೆ ಸೇರಿಸುತ್ತಾರೆ. ಜಮದಗ್ನಿ ಋಷಿಯ ಆಶ್ರಮ ಇಲ್ಲಿತ್ತೆಂದು ಸ್ಥಳಪುರಾಣ ಹೇಳುತ್ತದೆ. ಎರಡೂ ಏಕಕೂಟ ದೇವಾಲಯಗಳು, ಎಂದರೆ ಒಂದೇ ಗರ್ಭಗುಡಿ ಮತ್ತು ಅದರ ಮೇಲೆ ಒಂದೇ ಶಿಖರವುಳ್ಳವು. ಚಿಕ್ಕ ಮುಖಮಂಟಪವನ್ನು ದಾಟಿದರೆ ನಾಲ್ಕು ಕಂಬಗಳು ಒಂಬತ್ತು ಅಂಕಣಗಳಾಗಿ ವಿಭಾಗಿಸಿದ ನವರಂಗ, ಅದರಾಚೆ ನವರಂಗಕ್ಕೂ ಗರ್ಭಗುಡಿಗೂ ನಡುವಿನ ಇಕ್ಕಟ್ಟಾದ ಸುಕನಾಸಿ, ಕೊನೆಯಲ್ಲಿ ಗರ್ಭಗುಡಿ. ಹೊಯ್ಸಳ ಶಿಲ್ಪಿಗಳು ಬಳಸುತ್ತಿದ್ದ ಬಳಪದ ಕಲ್ಲು ಗಣಿಯಿಂದ ತೆಗೆದಾಗ ಉಳಿಗೆ ಮೆತ್ತಗೆ ಸಿಕ್ಕಿ, ಗಾಳಿಗೆ ಒಡ್ಡಿದ ಮೇಲೆ ಕ್ರಮೇಣ ಗಡುಸಾಗುವ ಜಾತಿಯದಾದ್ದರಿಂದಲೇ ಒಡವೆಯ ಕುಸುರಿಯಷ್ಟು ಸಣ್ಣ ಕೆಲಸ ಕಲ್ಲಿನಲ್ಲಿ ಸಾಧ್ಯವಾಯಿತು.

ಅವಸರದಲ್ಲಿ ಬಂದವರಿಗೆ ಮೊಸಳೆಯಲ್ಲಿ ಒಂದೇ ದೇವಾಲಯ ಎರಡು ಸಲ ಕಾಣುತ್ತದೆ. ಒಂದನ್ನು ನೋಡಿದರೆ ಇನ್ನೊಂದನ್ನೂ ನೋಡಿದಂತಾಯಿತು ಎಂಬ ಭಾವನೆ ಹತ್ತು ನಿಮಿಷಗಳಲ್ಲೇ ಹುಟ್ಟುವಷ್ಟು ಅವುಗಳ ನಕ್ಷೆ, ಅಳತೆ, ಶಿಖರದ ಏರುವಿಕೆ ಹೋಲುತ್ತವೆ. ಆದರೆ ಈ ಹೋಲಿಕೆಯೇ ನೋಡುಗರಿಗೆ ಸಿಗುವ ಅಪರೂಪದ ಸಲಕರಣೆ. ಬೇರೆ ಎಲ್ಲವೂ ಸಮವಾಗಿರುವಾಗ ದೇವರು ಬದಲಾದರೆ ಗೋಡೆಯ ಮೇಲೆ ಏನು ಬದಲಾಗುತ್ತದೆ ಎಂಬ ಪ್ರಶ್ನೆಯನ್ನು ಇಷ್ಟು ಸ್ಪಷ್ಟವಾಗಿ ಕೇಳಬಹುದಾದ ಜಾಗಗಳು ಹೊಯ್ಸಳ ನಾಡಿನಲ್ಲೂ ಹೆಚ್ಚಿಲ್ಲ. ನಾಗೇಶ್ವರನ ಭಿತ್ತಿಯಲ್ಲಿ ಶೈವ ಮೂರ್ತಿಗಳಿಗೆ, ಚೆನ್ನಕೇಶವನ ಭಿತ್ತಿಯಲ್ಲಿ ವಿಷ್ಣುವಿನ ರೂಪಗಳಿಗೆ ಪ್ರಾಧಾನ್ಯವಿದ್ದು, ಎರಡರಲ್ಲೂ ಶಕ್ತಿದೇವತೆಗಳೂ ವೇದಕಾಲದ ದೇವತೆಗಳೂ ತಮ್ಮ ತಮ್ಮ ಜಾಗ ಹಿಡಿದಿದ್ದಾರೆ. ವಿಷ್ಣುವಿನ ಮೂರ್ತಿಗಳನ್ನು ಗುರುತಿಸುವುದಕ್ಕೆ ಶಾಸ್ತ್ರ ಹೇಳುವ ಕ್ರಮವೇ ನಿಧಾನವನ್ನು ಬೇಡುವಂಥದ್ದು. ಶಂಖ, ಚಕ್ರ, ಗದೆ, ಪದ್ಮಗಳು ನಾಲ್ಕು ಕೈಗಳಲ್ಲಿ ಯಾವ ಕ್ರಮದಲ್ಲಿವೆ ಎಂಬುದರ ಮೇಲೆ ಮೂರ್ತಿ ಕೇಶವನೋ ನಾರಾಯಣನೋ ಮಾಧವನೋ ಎಂದು ನಿರ್ಣಯವಾಗುತ್ತದೆ ಮತ್ತು ಹೀಗೆ 24 ಕ್ರಮಗಳಿಂದ 24 ಹೆಸರುಗಳು ಹುಟ್ಟುತ್ತವೆ. ಸಂಧ್ಯಾವಂದನೆಯಲ್ಲಿ ಈ ಹೆಸರುಗಳನ್ನು ಒಂದೇ ಉಸಿರಿಗೆ ಹೇಳಿ ಮುಗಿಸುವವರೂ ಗೋಡೆಯ ಮುಂದೆ ನಿಂತಾಗ ಪ್ರತಿಯೊಂದು ಕೈಯನ್ನೂ ಬೇರೆ ಬೇರೆಯಾಗಿ ನೋಡಬೇಕಾಗುತ್ತದೆ. ಮೂರ್ತಿಗಳ ಮೇಲೆ ಚಾಚಿಕೊಂಡಿರುವ ಕಿರುಗೋಪುರಗಳನ್ನೂ ಗಮನಿಸಬೇಕು, ಏಕೆಂದರೆ ಅವುಗಳಲ್ಲಿ ಕೆಲವು ದಕ್ಷಿಣದ ದ್ರಾವಿಡ ರೀತಿಯವಾಗಿದ್ದರೆ ಕೆಲವು ಉತ್ತರದ ನಾಗರ ರೀತಿಯವಾಗಿದ್ದು, ಶಿಲ್ಪಿಗಳು ತಮಗೆ ಗೊತ್ತಿದ್ದ ಕಟ್ಟಡದ ಬಗೆಗಳನ್ನೆಲ್ಲ ಒಂದು ಗೋಡೆಯ ಮೇಲೆ ಪ್ರದರ್ಶನಕ್ಕಿಟ್ಟಂತೆ ತೋರುತ್ತದೆ. ಇನ್ನೊಂದು ಸಂಗತಿಯೂ ಇದೆ. ಹೊಯ್ಸಳ ಕಾಲದ ಊರುಗಳಲ್ಲಿ ವಿಷ್ಣುವಿನ ಗುಡಿಯೂ ಶಿವನ ಗುಡಿಯೂ ಇರುವುದು ಸಾಮಾನ್ಯವಾದರೂ ಅವು ಊರಿನ ಬೇರೆ ಬೇರೆ ಕಡೆ ಇರುತ್ತವೆ. ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯಲ್ಲಿ 1246ರ ಲಕ್ಷ್ಮೀನರಸಿಂಹ ದೇವಾಲಯವೂ ಸದಾಶಿವ ದೇವಾಲಯವೂ ಹೀಗೆ ದೂರ ದೂರ ನಿಂತಿವೆ. ಮೊಸಳೆಯಲ್ಲಿ ಅವೆರಡನ್ನೂ ಒಂದೇ ಅಂಗಳದಲ್ಲಿ, ಒಂದೇ ಅಚ್ಚಿನಲ್ಲಿ, ಒಂದಕ್ಕಿಂತ ಒಂದು ಹೆಚ್ಚೆನ್ನಿಸದಂತೆ ಕಟ್ಟಿಸಲಾಗಿದೆ.

ಒಳಗಿನ ಛತ್ತುಗಳ ವಿಚಾರದಲ್ಲಿ ನಿಧಾನಕ್ಕೆ ಶರೀರಶಾಸ್ತ್ರದ ಕಾರಣವೂ ಇದೆ. ನವರಂಗದ ಪ್ರತಿಯೊಂದು ಅಂಕಣದ ಮೇಲೆ ಗುಮ್ಮಟದಂತೆ ಒಳಬಾಗಿದ, ಹಂತಹಂತವಾಗಿ ಕಿರಿದಾಗುತ್ತ ನಡುವಿನ ಮೊಗ್ಗಿನಲ್ಲಿ ಕೊನೆಗೊಳ್ಳುವ ಛತ್ತನ್ನು ಭುವನೇಶ್ವರಿ ಎನ್ನುತ್ತಾರೆ. ಮೊಸಳೆಯ ಭುವನೇಶ್ವರಿಗಳಲ್ಲಿ ಚಾಲುಕ್ಯರ ಕಾಲದ ಕಟ್ಟಡಕಲೆ ಸಾಧಿಸಿದ್ದನ್ನು ಹೊಯ್ಸಳ ಶಿಲ್ಪಿಗಳು ಮುಂದುವರಿಸಿದ ಬಗೆಯನ್ನು ಕಾಣಬಹುದು. ನವರಂಗ ಸುತ್ತಲೂ ಗೋಡೆಯಿಂದ ಮುಚ್ಚಿರುವುದರಿಂದ ಬಾಗಿಲಿನ ಬೆಳಕಷ್ಟೇ ಒಳಗೆ ಬರುತ್ತದೆ ಮತ್ತು ಬಿಸಿಲಿನಿಂದ ಬಂದ ಕಣ್ಣು ಕತ್ತಲೆಗೆ ಪೂರ್ತಿಯಾಗಿ ಒಗ್ಗಲು 20ರಿಂದ 30 ನಿಮಿಷ ಬೇಕು. ಐದು ನಿಮಿಷಗಳಲ್ಲಿ ಹೊರಗೆ ಬಂದವರು ಛತ್ತನ್ನು ನೋಡಿರುವುದಿಲ್ಲ, ಮೊಬೈಲಿನ ದೀಪ ಬಿದ್ದ ತುಣುಕನ್ನು ಮಾತ್ರ ನೋಡಿರುತ್ತಾರೆ. ಕಂಬಕ್ಕೆ ಒರಗದೆ, ನೆಲದ ಮೇಲೆ ಅರ್ಧ ಗಂಟೆ ಸುಮ್ಮನೆ ಕುಳಿತರೆ ದೀಪದ ಹಂಗಿಲ್ಲದೆಯೇ ಹೂವಿನ ಎಸಳುಗಳು ಒಂದೊಂದಾಗಿ ಬಿಡಿಸಿಕೊಳ್ಳುತ್ತವೆ.

ಹೊರಗೋಡೆಗೆ ಬೇಕಾದ ಬೆಳಕಿನ ಲೆಕ್ಕ ಬೇರೆ. ಗುಡಿಗಳು ಪೂರ್ವಾಭಿಮುಖವಾದ್ದರಿಂದ ಬೆಳಗಿನ ಬಿಸಿಲು ಮುಖಮಂಟಪಕ್ಕೂ ಬಾಗಿಲಿಗೂ ಸಲ್ಲುತ್ತದೆ, ವಿಮಾನದ ಎಂದರೆ ಗರ್ಭಗುಡಿಯ ಭಾಗದ ಹಿಂಗೋಡೆ ಮಧ್ಯಾಹ್ನ ಮೂರರ ಮೇಲೆ ಓರೆಬಿಸಿಲಿಗೆ ಎದ್ದು ಕಾಣುತ್ತದೆ. ಆದ್ದರಿಂದ ಬೆಳಗ್ಗೆ ಒಳಗನ್ನು, ಸಂಜೆಯ ಕಡೆಗೆ ಹೊರಗನ್ನು ನೋಡುವುದು ಸರಿಯಾದ ಕ್ರಮ. ಊರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ನಡುಹಗಲಿನ ಸೂರ್ಯ ವರ್ಷದ ಹೆಚ್ಚಿನ ಭಾಗ ದಕ್ಷಿಣದ ಕಡೆಗಿದ್ದು, ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಮಾತ್ರ ನೆತ್ತಿಯನ್ನು ದಾಟಿ ಉತ್ತರಕ್ಕೆ ವಾಲುತ್ತಾನೆ. ಡಿಸೆಂಬರ್‌ನಲ್ಲಿ ಹೋದವರಿಗೆ ದಕ್ಷಿಣದ ಗೋಡೆ ದಿನವಿಡೀ ಚೆನ್ನಾಗಿ ಕಂಡು ಉತ್ತರದ ಗೋಡೆ ನೆರಳಿನಲ್ಲೇ ಉಳಿಯುವುದಕ್ಕೂ, ಜೂನ್‌ನಲ್ಲಿ ಇದು ತಿರುಗುಮುರುಗಾಗುವುದಕ್ಕೂ ಇದೇ ಕಾರಣ. ಹಗಲಿನ ಉದ್ದವೂ ಡಿಸೆಂಬರ್‌ನಲ್ಲಿ ಹನ್ನೊಂದೂವರೆ ಗಂಟೆಗೆ ತುಸು ಕಡಿಮೆ, ಜೂನ್‌ನಲ್ಲಿ 13 ಗಂಟೆಗೆ ಸಮೀಪ.

ಬೆಳಗಿಗೂ ಸಂಜೆಗೂ ನಡುವೆ ಉಳಿಯುವ ನಾಲ್ಕೈದು ಗಂಟೆಗಳಿಗೆ ಏನು ಮಾಡಬೇಕು ಎಂಬುದರಲ್ಲೇ ಯೋಜನೆಯ ಕೌಶಲವಿದೆ. ಇಲ್ಲಿಂದ ಬೇಲೂರಿಗೆ ಹೋಗಿಬರೋಣ ಎಂಬ ಆಸೆ ಹುಟ್ಟುವ ಗಳಿಗೆ ಇದೇ, ಅದನ್ನು ಅದುಮಿಡುವುದು ಲೇಸು. ಹೆದ್ದಾರಿಯಲ್ಲೇ ಮುಂದುವರಿದರೆ ಹೇಮಾವತಿಯ ದಡದ ಹೊಳೆನರಸೀಪುರ ಸಿಗುತ್ತದೆ. ಅಲ್ಲಿ ಲಕ್ಷ್ಮೀನರಸಿಂಹನ ಗುಡಿಯಿದೆ, ಹೊಳೆಯಿದೆ. ಜೊತೆಗೆ ಶಾಂಕರ ವೇದಾಂತದ ಗ್ರಂಥಗಳನ್ನು ಕನ್ನಡದಲ್ಲಿ ಪ್ರಕಟಿಸುವುದಕ್ಕಾಗಿ ಮುಂದೆ ಸಚ್ಚಿದಾನಂದೇಂದ್ರ ಸರಸ್ವತಿ ಎಂದು ಹೆಸರಾದ ವೈ. ಸುಬ್ಬರಾಯರು 1920ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿ, 1937ರಲ್ಲಿ ಈ ಊರಿಗೆ ತಂದ ಅಧ್ಯಾತ್ಮ ಪ್ರಕಾಶ ಕಾರ್ಯಾಲಯವಿದೆ. ರಾಜಧಾನಿಯಿಂದ ಒಂದು ಪ್ರಕಾಶನ ಸಂಸ್ಥೆ ಹೊಳೆದಡದ ಪಟ್ಟಣಕ್ಕೆ ವಲಸೆ ಬಂದದ್ದು ಕನ್ನಡದ ಪುಸ್ತಕ ಚರಿತ್ರೆಯಲ್ಲೇ ಅಪೂರ್ವವಾದ್ದರಿಂದ, ವೇದಾಂತದಲ್ಲಿ ಆಸಕ್ತಿಯಿಲ್ಲದವರೂ ಅಲ್ಲಿಗೆ ಹೋಗಿಬರಬಹುದು. ಮೊಸಳೆ ಮತ್ತು ಹೊಳೆನರಸೀಪುರ ಸೇರಿದರೆ ಒಂದು ಹಗಲು ಭರ್ತಿ.

ಗೊರೂರು ಕೂಡ ಒಳ್ಳೆಯ ಜೊತೆಯೇ. ಹೇಮಾವತಿಗೆ ಅಡ್ಡಲಾಗಿ ಕಟ್ಟಿದ, 1979ರಲ್ಲಿ ಮುಗಿದ ಜಲಾಶಯ ಅಲ್ಲಿದೆ ಮತ್ತು ಗೊರೂರು ರಾಮಸ್ವಾಮಿ ಅಯ್ಯಂಗಾರ್ (1904–1991) ತಮ್ಮ ‘ಹಳ್ಳಿಯ ಚಿತ್ರಗಳು’ ಪುಸ್ತಕದಿಂದ ಓದುಗರಿಗೆ ಪರಿಚಯಿಸಿದ ಸೀಮೆಯೂ ಇದೇ. ಜಲಾಶಯದ ಹಿನ್ನೀರಿನಲ್ಲಿರುವ ಶೆಟ್ಟಿಹಳ್ಳಿಯ ಚರ್ಚು, ಫ್ರೆಂಚ್ ಮಿಷನರಿಗಳು 1860ರ ದಶಕದಲ್ಲಿ ಕಟ್ಟಿಸಿದ್ದು, ಮಳೆಗಾಲದಲ್ಲಿ ಅರ್ಧ ಮುಳುಗಿ ಬೇಸಿಗೆಯಲ್ಲಿ ಬುಡದವರೆಗೆ ಹೊರಬರುತ್ತದೆ. ಫೋಟೊಗಳಲ್ಲಿ ಪ್ರಸಿದ್ಧವಾದ ನೀರಿನ ನಡುವಿನ ನೋಟ ಬೇಕಾದವರು ಯಾವ ತಿಂಗಳೆಂದು ವಿಚಾರಿಸದೆ ಹೋಗಿ ಒಣನೆಲವನ್ನು ಕಂಡು ಪೇಚಾಡುವುದುಂಟು. ದೊಡ್ಡಗದ್ದವಳ್ಳಿಯ 1114ರ ಲಕ್ಷ್ಮೀದೇವಿ ದೇವಾಲಯ, ಕೋರವಂಗಲದ 1173ರ ಬೂಚೇಶ್ವರ, ಕಾವೇರಿಯ ದಡದ ರಾಮನಾಥಪುರ, ಶ್ರವಣಬೆಳಗೊಳ ಇವೆಲ್ಲ ತಮ್ಮದೇ ಆದ ಬೇರೆ ಬೇರೆ ದಿನಗಳನ್ನು ಕೇಳುವಂಥವು.

ಹಳ್ಳಿಯ ಗುಡಿಯ ಬಾಗಿಲು ಪಟ್ಟಣದ ವಸ್ತುಸಂಗ್ರಹಾಲಯದಂತೆ ಗಡಿಯಾರ ನೋಡಿ ತೆರೆಯುವುದಿಲ್ಲ ಎಂಬುದನ್ನು ಮೊದಲೇ ತಿಳಿದಿರಬೇಕು. ಅರ್ಚಕರು ಬೆಳಗಿನ ಪೂಜೆ ಮುಗಿಸಿ ತಮ್ಮ ಹೊಲ ಮನೆಯ ಕೆಲಸಕ್ಕೆ ಹೋದರೆ ಬೀಗ ತೆಗೆಸಲು ಯಾರನ್ನಾದರೂ ಕೇಳಿ, ಕಾದು, ಬೇಕಾದರೆ ಅವರ ಊಟ ಮುಗಿಯುವವರೆಗೆ ಜಗಲಿಯ ಮೇಲೆ ಕೂರಬೇಕಾಗಬಹುದು. ಹಾಗೆ ಕೂತ ಹೊತ್ತು ಪೋಲಾದ ಹೊತ್ತೆಂದು ಚಡಪಡಿಸುವವರು ಪಟ್ಟಿಯ ಪ್ರವಾಸಕ್ಕೇ ಹೋಗುವುದು ಒಳ್ಳೆಯದು. ತಾವು ಬಂದುದರಿಂದ ಯಾರ ದಿನಚರಿ ಕೆಟ್ಟಿತು ಎಂಬ ಎಚ್ಚರವಿರುವವರು ಬಾಗಿಲು ತೆರೆದವರಿಗೆ ಕೃತಜ್ಞತೆಯನ್ನು ಮಂಗಳಾರತಿ ತಟ್ಟೆಗೆ ಹಾಕುವ ಕಾಣಿಕೆಯ ರೂಪದಲ್ಲಿ ತೋರಿಸಬಹುದು. ಅಂಗಳದಲ್ಲಿ ಬಟ್ಟೆ ಒಗೆಯುವವರನ್ನೂ ಜಗಲಿಯ ಮುದುಕರನ್ನೂ ಕೇಳದೆಯೇ ಕ್ಯಾಮೆರಾಕ್ಕೆ ಸೇರಿಸಿಕೊಳ್ಳುವ ಚಾಳಿ ಮಾತ್ರ ಯಾವ ಕಾಣಿಕೆಯಿಂದಲೂ ಪರಿಹಾರವಾಗದು.

ಋತುಗಳ ವಿಷಯದಲ್ಲಿ ಈ ಸೀಮೆಗೆ ತನ್ನದೇ ಪಂಚಾಂಗವಿದೆ. ಮೇ ಜೂನ್‌ನ ಮೊದಲ ಮಳೆಗಳಿಗೆ ಆಲೂಗಡ್ಡೆ ಬಿತ್ತನೆ ನಡೆದು ಆಗಸ್ಟ್ ಸೆಪ್ಟೆಂಬರ್‌ಗೆ ಕೀಳುವ ಹೊತ್ತು ಬರುತ್ತದೆ. ಪಂಜಾಬಿನ ಜಲಂಧರದಿಂದ ಬಿತ್ತನೆಗಡ್ಡೆ ತರಿಸಿ ಬೆಳೆಯುತ್ತಿದ್ದ ಹಾಸನದ ರೈತರಲ್ಲಿ ಅಂಗಮಾರಿ ರೋಗಕ್ಕೆ ಬೇಸತ್ತು ಶುಂಠಿ, ಜೋಳಗಳತ್ತ ಹೊರಳಿದವರು ಬಹಳ. ಅರಕಲಗೂಡಿನ ಕಡೆ ಹೊಗೆಸೊಪ್ಪು ಇದೆ. ಡಿಸೆಂಬರ್ ಜನವರಿಯಲ್ಲಿ ರಾಗಿ, ಹುರುಳಿಯ ಕಟಾವಾದ ಮೇಲೆ ಕಣ ಮಾಡುವ ಶ್ರಮ ಉಳಿಸಲು ರೈತರು ಹುಲ್ಲು ಸಮೇತ ತೆನೆಯನ್ನು ಡಾಂಬರು ರಸ್ತೆಯ ಮೇಲೆ ಹರಡಿ, ಓಡಾಡುವ ಗಾಡಿಗಳ ಚಕ್ರಗಳಿಂದಲೇ ಒಕ್ಕಣೆ ಮಾಡಿಸುವುದು ಒಳರಸ್ತೆಗಳಲ್ಲಿ ಸಾಮಾನ್ಯ ದೃಶ್ಯ. ಇದರಿಂದ ಚಕ್ರ ಜಾರುವ ಅಪಾಯವಿರುವುದು ನಿಜ, ಹುಲ್ಲು ಗಾಡಿಯ ಅಡಿಗೆ ಸುತ್ತಿಕೊಂಡು ಬಿಸಿಗೆ ಹೊತ್ತಿಕೊಳ್ಳುವ ಅಪಾಯವೂ ಇಲ್ಲದಿಲ್ಲ. ಆದ್ದರಿಂದ ಆ ತಿಂಗಳುಗಳಲ್ಲಿ ಒಳರಸ್ತೆಯ 10 ಕಿಲೋಮೀಟರ್‌ಗೆ ಅರ್ಧ ಗಂಟೆ ಎಂದು ಹಿಡಿಯುವುದು ಕ್ಷೇಮ. ಇದೇ ತಿಂಗಳುಗಳಲ್ಲಿ ಅವರೆಕಾಳು ಸೊಗಡಿಗೆ ಬಂದಿರುತ್ತದೆ ಎಂಬುದನ್ನು ಊಟದ ಯೋಜನೆ ಹಾಕುವವರು ಮರೆಯಬಾರದು. ಆಶ್ವಯುಜ ಹುಣ್ಣಿಮೆಯ ನಂತರದ ಗುರುವಾರ ತೆರೆದು ಬಲಿಪಾಡ್ಯಮಿಯ ಮರುದಿನ ಮುಚ್ಚುವ ಹಾಸನಾಂಬೆಯ ದರ್ಶನದ ದಿನಗಳಲ್ಲಿ ಮಾತ್ರ, ದೇವಿಯ ದರ್ಶನವೇ ಉದ್ದೇಶವಲ್ಲದಿದ್ದರೆ, ಹಾಸನ ಪಟ್ಟಣವನ್ನು ಹಾದುಹೋಗುವ ಯೋಚನೆಯನ್ನೇ ಬಿಡಬೇಕು.

ಪ್ರಯಾಣದ ಬಗೆಯನ್ನು ಕುರಿತು ಒಂದು ವಿಚಿತ್ರವನ್ನು ಗಮನಿಸಬಹುದು. ಮೈಸೂರಿನವರಿಗೆ ಸಂಸ್ಥಾನದ ಕಾಲದಲ್ಲಿ ಹಾಕಿದ ಮೈಸೂರು ಅರಸೀಕೆರೆ ರೈಲುಮಾರ್ಗ ಕೃಷ್ಣರಾಜನಗರ, ಹೊಳೆನರಸೀಪುರಗಳ ಮೂಲಕ ಬಂದು ಮೊಸಳೆಗೆ ಸಮೀಪದ ಮೊಸಳೆಹೊಸಹಳ್ಳಿಯಲ್ಲೇ ಒಂದು ನಿಲ್ದಾಣವನ್ನು ಕೊಟ್ಟಿದೆ. ಎಲ್ಲ ನಿಲ್ದಾಣಗಳಲ್ಲೂ ನಿಲ್ಲುವ ಪ್ಯಾಸೆಂಜರ್ ರೈಲಿನಲ್ಲಿ ಬಂದು, ಉಳಿದ ದಾರಿಗೆ ಆಟೊ ಹಿಡಿಯುವುದು ಅವರಿಗೆ ಸಾಧ್ಯವಿರುವ ಅತ್ಯಂತ ಅಗ್ಗದ ಮತ್ತು ಬಹುಶಃ ಅತ್ಯಂತ ಹಿತವಾದ ಉಪಾಯ. ಬೆಂಗಳೂರಿನವರಿಗೆ ಕುಣಿಗಲ್, ಶ್ರವಣಬೆಳಗೊಳ, ಚನ್ನರಾಯಪಟ್ಟಣದ ಮೇಲಿನ ನೇರ ಮಾರ್ಗ ದೊರೆತದ್ದು 2017ರ ಮಾರ್ಚ್‌ನಲ್ಲಿ. ಆಗ ಆರಂಭವಾದ ಯಶವಂತಪುರ ಹಾಸನ ಇಂಟರ್‌ಸಿಟಿ ರೈಲು ಬೆಳಗ್ಗೆ ಹಾಸನದಿಂದ ಹೊರಟು ಸಂಜೆ ಯಶವಂತಪುರದಿಂದ ಹಿಂದಿರುಗುವಂತೆ ಏರ್ಪಾಡಾಯಿತು. ಹಾಸನದವರು ರಾಜಧಾನಿಗೆ ಕೆಲಸಕ್ಕೆ ಹೋಗಿ ರಾತ್ರಿಯೊಳಗೆ ಮನೆ ಸೇರುವುದಕ್ಕೆ ಹೊಂದುವ ಈ ವೇಳೆ, ರಾಜಧಾನಿಯವರು ಹಳ್ಳಿ ನೋಡಿ ಬರುವುದಕ್ಕೆ ಸರಿಯಾಗಿ ವಿರುದ್ಧವಾದುದು. ನ್ಯಾಯವಾಗಿ ನೋಡಿದರೆ ರೈಲು ಯಾರ ಕೆಲಸಕ್ಕೆ ಒದಗಬೇಕೋ ಅವರಿಗೇ ಒದಗಿದೆ, ಪ್ರವಾಸಿಗರು ದೂರುವ ಹಾಗಿಲ್ಲ.

ಕಾರಿನಲ್ಲಿ ಬರುವವರು ಬೆಳಗ್ಗೆ ಐದೂವರೆಗೆ ನಗರ ಬಿಟ್ಟರೆ, ದಾರಿಯಲ್ಲಿ ತಿಂಡಿ ಮುಗಿಸಿಕೊಂಡು, ಒಂಬತ್ತೂವರೆಯ ಹೊತ್ತಿಗೆ ಮೊಸಳೆಯಲ್ಲಿರಬಹುದು. ಸಂಜೆ ನಾಲ್ಕೂವರೆಯವರೆಗೆ ಅಲ್ಲೇ ಸುತ್ತಮುತ್ತ ಇದ್ದರೆ ನೆಲದ ಮೇಲೆ ಏಳು ಗಂಟೆ, ರಸ್ತೆಯಲ್ಲಿ ಹೆಚ್ಚೂಕಡಿಮೆ ಅಷ್ಟೇ ಎಂದು ಲೆಕ್ಕ ಸರಿಹೋಗುತ್ತದೆ. ಭಾನುವಾರವಾದರೆ ಈ ಲೆಕ್ಕ ನೆಲಮಂಗಲದಲ್ಲಿ ತಪ್ಪುತ್ತದೆ, ಏಕೆಂದರೆ ವಾರದ ಕೊನೆಗೆ ಊರಿಗೆ ಹೋದವರೆಲ್ಲ ಒಂದೇ ಹೊತ್ತಿಗೆ ಅಲ್ಲಿಗೆ ಬಂದು ಸೇರುತ್ತಾರೆ. ರಜೆ ಸಿಗುವವರು ವಾರದ ನಡುವಿನ ದಿನವನ್ನು ಆರಿಸಿಕೊಳ್ಳುವುದು ಸರಳವಾದ ಪರಿಹಾರ. ಸಿಗದವರಿಗೆ ಹಾಸನದವರ ರೈಲನ್ನು ಹಾಸನದವರಂತೆಯೇ ಬಳಸುವ ದಾರಿಯೊಂದು ಉಳಿದಿದೆ: ಶನಿವಾರ ಸಂಜೆಯ ಇಂಟರ್‌ಸಿಟಿಯಲ್ಲಿ ಯಶವಂತಪುರದಿಂದ ಹೊರಟು, ರಾತ್ರಿ ಹಾಸನದಲ್ಲಿ ಉಳಿದು, ಭಾನುವಾರವನ್ನು ಇಡಿಯಾಗಿ ಮೊಸಳೆಗೂ ಹೊಳೆನರಸೀಪುರಕ್ಕೂ ಕೊಟ್ಟು, ಸೋಮವಾರ ಬೆಳಗಿನ ರೈಲಿಗೆ ಹತ್ತಿದರೆ ಕಚೇರಿಯ ಹೊತ್ತಿಗೆ ನಗರದಲ್ಲಿರಬಹುದು. ವೇಳಾಪಟ್ಟಿ ಆಗಾಗ ಬದಲಾಗುವುದರಿಂದ ಹೊರಡುವ ಮೊದಲು ಒಮ್ಮೆ ನೋಡಿಕೊಳ್ಳಬೇಕು. ಕಟ್ಟುನಿಟ್ಟಾಗಿ ಹೇಳಿದರೆ ಇದು ಒಂದು ದಿನದ ಪ್ರವಾಸವಲ್ಲ, ಎರಡು ರಾತ್ರಿಯ ಬಾಡಿಗೆ ಬೀಳುತ್ತದೆ. ಆದರೆ ಹಿಂಗೋಡೆಯ ಮೇಲೆ ಬಿಸಿಲು ಬೀಳುವ ಹೊತ್ತಿಗೆ ಗಡಿಯಾರ ನೋಡಿಕೊಂಡು ಹೊರಡಬೇಕಾದ ಪ್ರಮೇಯ ಈ ಏರ್ಪಾಡಿನಲ್ಲಿ ಬರುವುದಿಲ್ಲ.